ಅಮ್ಮನ ಅಂಗೈ ಆರಿಸಿದ ತಂತಿ

ತಮ್ಮ ತೀರಿಹೋದ ಸುದ್ದಿ ಬಂದದ್ದು ಮಂಗಳವಾರ ಬೆಳಿಗ್ಗೆ. ನಾನು ಅಮ್ಮನ ತಲೆ ಬಾಚುತ್ತಿದ್ದೆ. ಅಮ್ಮನಿಗೆ ಕಿವಿ ಕೇಳಿಸದಾಗಿ ಮೂವತ್ತು ವರ್ಷ. ಫೋನು ಹೊಡೆದುಕೊಂಡದ್ದು ಗೊತ್ತಾಗಲಿಲ್ಲ, ಬಾಚಣಿಗೆ ನಿಂತದ್ದು ಗೊತ್ತಾಯಿತು. ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಓದಿದಳು, ಅಂಗೈಯಿಂದ ಒರೆಸಿದಳು, "ಇನ್ನೊಂದ್ಸಲ ಬರಿ" ಎಂದಳು.

ತಮ್ಮ ವಾದ್ಯತಂಡದಲ್ಲಿ ತಗ್ಗು ದನಿಯ ಬೇಸ್ ಗಿಟಾರ್ ನುಡಿಸುತ್ತಿದ್ದ. ಯಾವಾಗಲೂ ಹಿಂದಿನ ಸಾಲು, ಡ್ರಮ್ಮಿನ ಪಕ್ಕ.

"ನಿಂದು ಕೇಳಿಸೋದೇ ಇಲ್ವಲ್ಲೋ" ಎಂದು ನಾನು ಹಂಗಿಸಿದರೆ, "ಅಮ್ಮನಿಗೆ ಕೇಳಿಸ್ತದೆ ಬಿಡಕ್ಕ" ಎನ್ನುತ್ತಿದ್ದ.

ಅದು ನಿಜ. ಪ್ರತಿ ಭಾನುವಾರ ಬಂದು ಸ್ಪೀಕರ್ ಪೆಟ್ಟಿಗೆಯನ್ನು ಅಮ್ಮನ ಕುರ್ಚಿಯ ಪಕ್ಕ ಇಡುತ್ತಿದ್ದ. ಅಮ್ಮ ಅದರ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿ ಕೂರುತ್ತಿದ್ದಳು. ಅವನು ತಾಳ ತಪ್ಪಿದರೆ ಪೆಟ್ಟಿಗೆಗೆ ಎರಡೇಟು ಬೀಳುತ್ತಿತ್ತು.

ಬರುವ ಭಾನುವಾರ ಅವನಿಗಾಗಿ ನಡೆಯುವ ಪ್ರಾರ್ಥನಾ ಸಭೆಯಲ್ಲಿ ಅವನ ಮಗಳು ಅದೇ ವಾದ್ಯ ನುಡಿಸುವುದೆಂದಾಯಿತು. ಅಪ್ಪನ ಗಿಟಾರು ಮಿಂಚಲಿ ಎಂಬ ಆಸೆಯಿಂದ ಆ ಹುಡುಗಿ ಮಾಸಿದ ಹಳೆಯ ತಂತಿಗಳನ್ನು ಕತ್ತರಿಸಿ ಎಸೆದು, ಥಳಥಳಿಸುವ ಹೊಸವನ್ನು ಕಟ್ಟಿದಳು. ಶುಕ್ರವಾರ ಅಮ್ಮನ ಮುಂದೆ ನುಡಿಸಿದಳು. ಅಮ್ಮ ಅಂಗೈ ಇಟ್ಟಷ್ಟೇ ಬೇಗ ತೆಗೆದಳು.

"ಇರುವೆ ಹರಿದಂಗೆ ಆಗ್ತದೆ. ಇದು ಅವನದಲ್ಲ."

ಹುಡುಗಿಯ ಮುಖ ಬಾಡಿತು. "ಅತ್ತೆ, ಕಸದ ಗಾಡಿ ಹೋಗಿಬಿಡ್ತು. ಯಾವ ತಂತಿ ಅಂತಾನೂ ನೋಡಿಟ್ಕೊಳ್ಳಲಿಲ್ಲ. ಅಜ್ಜಿಗೆ ಕೊನೇ ಸಲ ಅಪ್ಪನ್ನ ಮುಟ್ಟಿಸೋಕೂ ನನ್ನ ಕೈಲಿ ಆಗಲ್ವಾ?"

ಶನಿವಾರ ಮೂವರೂ ತಮ್ಮ ತಂತಿ ಕೊಳ್ಳುತ್ತಿದ್ದ ವಾದ್ಯದ ಅಂಗಡಿಗೆ ಹೋದೆವು. ಗೋಡೆಯ ತುಂಬ ತಂತಿಯ ಪೊಟ್ಟಣಗಳು. ಅಂಗಡಿಯಾತ ತಲೆ ಕೆರೆದುಕೊಂಡ.

"ಹತ್ತು ವರ್ಷದ ಮಾತು, ಯಾವುದು ಒಯ್ದರೋ ನೆನಪಿಲ್ಲಮ್ಮ. ಆರಿಸಿದ ರೀತಿ ಮಾತ್ರ ಮರೆಯಲ್ಲ. ಎರಡು ಕಿವಿಗೂ ಹತ್ತಿ ತುರುಕಿಕೊಂಡು, ಸ್ಪೀಕರ್ ಮೇಲೆ ಕೈಯಿಟ್ಟು, 'ಹೂಂ, ಬಾರಿಸಿ' ಅನ್ನೋರು. ತಂತಿ ಕೊಳ್ಳೋಕೆ ಬಂದು ಕಿವಿ ಮುಚ್ಚಿಕೊಂಡ ಗಿರಾಕಿ ಅವರೊಬ್ಬರೇ. ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ!"

ತಮ್ಮ ಇದನ್ನು ನನಗೆ ಒಮ್ಮೆಯೂ ಹೇಳಿರಲಿಲ್ಲ. ಸಭೆ ತುಂಬ ಜನರಿಗೆ ನುಡಿಸುವವನು, ತಂತಿಯನ್ನು ಮಾತ್ರ ಒಂದು ಅಂಗೈಯ ಅಳತೆಗೆ ಆರಿಸಿದ್ದ. ಇಂಥವನನ್ನು ನಾನು ಹಂಗಿಸಿದ್ದೆ.

"ಹಾಗಾದ್ರೆ ಆ ಕೈಯೇ ಆರಿಸಲಿ" ಎಂದೆ.

ಆತ ಬೇರೆ ಬೇರೆ ತಂತಿ ಕಟ್ಟಿದ ಮೂರು ಗಿಟಾರು ಇಳಿಸಿದ. ಅಮ್ಮ ಪೆಟ್ಟಿಗೆಯ ಮೇಲೆ ಅಂಗೈ ಊರಿದಳು.

ಮೊದಲನೆಯದು. "ಇರುವೆ."

ಎರಡನೆಯದು, ಬಲು ದಪ್ಪ. "ಲಾರಿ ಹೋದಂಗಾಯ್ತು."

ಮೂರನೆಯದರಲ್ಲಿ ಉಕ್ಕಿನ ಎಳೆಗೆ ಚಪ್ಪಟೆ ಪಟ್ಟಿ ಸುತ್ತಿತ್ತು. ಬೆರಳು ಜಾರಿದರೂ ಕೀರಲು ಸದ್ದಿಲ್ಲ. ಅಮ್ಮ ಕಣ್ಣು ಮುಚ್ಚಿದಳು. ಹೆಬ್ಬೆರಳು ಮೆಲ್ಲಗೆ ತಾಳ ಹಿಡಿಯಿತು. ಥಟ್ಟನೆ ಪೆಟ್ಟಿಗೆಗೆ ಎರಡೇಟು ಹಾಕಿದಳು. ಅಂಗಡಿಯಾತ ಬೆದರಿ ನಿಲ್ಲಿಸಿದ.

"ತಂತಿ ಇದೇ. ಬಾರಿಸೋನು ಸರಿಯಿಲ್ಲ" ಎಂದಳು.

ಮಂಗಳವಾರದ ನಂತರ ಹುಡುಗಿ ನಕ್ಕದ್ದು ಆಗಲೇ.

ಭಾನುವಾರ ಅವಳು ನುಡಿಸಿದಳು. ಅಮ್ಮನ ಅಂಗೈ ಕೊನೆಯವರೆಗೂ ಪೆಟ್ಟಿಗೆ ಬಿಟ್ಟು ಏಳಲಿಲ್ಲ. ನಾನೂ ನನ್ನ ಕೈಯನ್ನು ಅದರ ಪಕ್ಕದಲ್ಲಿಟ್ಟೆ.

ದೇವರೇ, ನನ್ನ ತಮ್ಮನನ್ನು ಅಲ್ಲಿಯೂ ಹಿಂದಿನ ಸಾಲಿನಲ್ಲೇ ನಿಲ್ಲಿಸು, ಅವನಿಗೆ ಆ ಜಾಗವೇ ಇಷ್ಟ. ಆದರೆ ಅವನು ನುಡಿಸುವಾಗ ನಿನ್ನ ಅಂಗೈಯನ್ನು ಹತ್ತಿರದಲ್ಲಿಡು. ಅದರಡಿಯಲ್ಲಿ ಅವನ ಜೀವ ತಣ್ಣಗಿರಲಿ.