ಒಂಬತ್ತನೆಯ ಕೊಕ್ಕೆ

ನಾನು ಒಂದು ಹಲಗೆ. ಬರೀ ಹಲಗೆ ಎಂದರೆ ನನಗೆ ಬೇಸರವಾಗುತ್ತದೆ. ಒಂಬತ್ತು ಹಿತ್ತಾಳೆ ಕೊಕ್ಕೆಗಳಿರುವ ಹೊನ್ನೆ ಮರದ ಹಲಗೆ ಎಂದು ಪೂರ್ತಿ ಹೇಳಬೇಕು. ಅರಸೀಕೆರೆಯ ಬಡಗಿ ನಂಜುಂಡಾಚಾರ್ರು ನನ್ನನ್ನು ಮೂರು ದಿನ ಉಜ್ಜಿ, ಅಂಚಿಗೆ ಬಳ್ಳಿ ಕೆತ್ತಿ, ಪಾಲಿಶ್ ಹಚ್ಚಿ, ಒಂದರಿಂದ ಒಂಬತ್ತರವರೆಗೆ ಬಿಳಿ ಬಣ್ಣದಲ್ಲಿ ಅಂಕಿ ಬರೆದರು. ಎಂಟು ಕೊಕ್ಕೆಗಳು ನೆಟ್ಟಗೆ ಕೂತವು. ಒಂಬತ್ತನೆಯದಕ್ಕೆ ಮರದ ಗಂಟೊಂದು ಅಡ್ಡ ಬಂದು, ಅದು ಒಂದು ಕಡೆ ವಾಲಿಕೊಂಡೇ ನಿಂತಿತು. "ಕೊನೇದು ತಾನೆ, ಯಾರು ನೋಡ್ತಾರೆ" ಎಂದು ಆಚಾರ್ರು ಕೈ ಒರೆಸಿಕೊಂಡರು. ಆ ಮಾತನ್ನು ನಾನು ಮರೆತಿಲ್ಲ.

ರೈಲ್ವೆ ಸ್ಟೇಷನ್ನಿನ ಎದುರಿಗಿದ್ದ ಒಂಬತ್ತು ರೂಮುಗಳ ಲಾಡ್ಜಿನಲ್ಲಿ ನನ್ನನ್ನು ಗೋಡೆಗೆ ಹೊಡೆದರು. ರೂಮಿನ ಬೀಗದ ಕೈಗಳೆಲ್ಲ ನನ್ನ ಮೈಮೇಲೆ. ನನ್ನ ಕೆಳಗೆ ಮೇಜು ಹಾಕಿಕೊಂಡು ಗುಮಾಸ್ತ ಸಿದ್ದಲಿಂಗಪ್ಪನವರು ಕೂರುತ್ತಿದ್ದರು. ನಾಲ್ಕನೇ ನಂಬರ್ ರೂಮಿಗೆ ಆಳೆತ್ತರದ ಕನ್ನಡಿಯಿತ್ತು, ಅದು ಸಾಹೇಬರುಗಳಿಗೆ ಮೀಸಲು. ಒಂಬತ್ತನೆಯದು ನೀರಿನ ಪಂಪಿನ ಪಕ್ಕ, ಅದನ್ನು ಕೇಳಿ ಪಡೆದವರು ಒಬ್ಬರೂ ಇಲ್ಲ. ರೈಲು ತಪ್ಪಿಸಿಕೊಂಡವರು ಬೇರೆ ದಾರಿ ಕಾಣದೆ ಅಲ್ಲಿ ಮಲಗುತ್ತಿದ್ದರು. ಹೀಗಾಗಿ ನನಗೂ ನಾಲ್ಕರ ಮೇಲೆ ಹೆಮ್ಮೆ, ಒಂಬತ್ತರ ಮೇಲೆ ಅಸಡ್ಡೆ. ಸ್ವಂತ ಮೈಯ ಮೇಲಿನ ಕೊಕ್ಕೆಯನ್ನೇ ಹಾಗೆ ನೋಡಿದೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ರಸ್ತೆ ಅಗಲ ಮಾಡುವಾಗ ಲಾಡ್ಜು ಹೋಯಿತು. ಸಿದ್ದಲಿಂಗಪ್ಪನವರಿಗೆ ಊರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅಟೆಂಡರ್ ಕೆಲಸ ಸಿಕ್ಕಿತು. ಅವರು ನನ್ನನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಅಲ್ಲಿಗೆ ಒಯ್ದರು. ಕಾಲೇಜಿನ ಆಟದ ಮೇಷ್ಟ್ರು ಜಯಶೀಲಾ ಮೇಡಂ ನನ್ನ ಕೊಕ್ಕೆಗಳನ್ನು ಒಂದೊಂದಾಗಿ ಎಣಿಸಿ, "ದೇವರೇ ಕಳಿಸಿದ ಹಾಗಿದೆ" ಎಂದರು. ಕಾಲೇಜಿನಲ್ಲಿ ಸಾಫ್ಟ್‌ಬಾಲ್ ತಂಡವಿತ್ತು. ಸಾಫ್ಟ್‌ಬಾಲ್ ಎಂದರೆ ಬೇಸ್‌ಬಾಲಿನ ತಂಗಿ. ಚೆಂಡು ಹೊಡೆದು, ಮೂರು ಬೇಸುಗಳನ್ನು ಸುತ್ತಿ, ಹೊರಟಲ್ಲಿಗೇ ಓಡಿ ಬಂದರೆ ಒಂದು ರನ್. ಒಂಬತ್ತು ಜನ ಸರದಿಯ ಪ್ರಕಾರವೇ ಬ್ಯಾಟು ಹಿಡಿಯಬೇಕು. ಆ ಸರದಿಯನ್ನು ಆಟಕ್ಕೆ ಮೊದಲೇ ಅಂಪೈರಿಗೆ ಬರೆದು ಕೊಡಬೇಕು.

ಸಿದ್ದಲಿಂಗಪ್ಪನವರು ಬಿಸ್ಕತ್ತಿನ ಡಬ್ಬಿಯ ತಗಡಿನಿಂದ ಗುಂಡನೆಯ ಬಿಲ್ಲೆಗಳನ್ನು ಕತ್ತರಿಸಿ, ಒಬ್ಬೊಬ್ಬ ಹುಡುಗಿಯ ಹೆಸರು ಬರೆದರು. ಮೇಡಂ ಅವನ್ನು ಕೊಕ್ಕೆಗೆ ಹಾಕಿದರೆ ಅದೇ ಸರದಿ. ಆಮೇಲೆ ಯಾರೂ ಮುಟ್ಟಬಾರದು ಎಂಬುದು ಕಟ್ಟುನಿಟ್ಟು. ಬೀಗದ ಕೈ ಕಾಯುತ್ತಿದ್ದವನು ನಾನು, ಈಗ ಒಂದು ತಂಡವನ್ನೇ ಹೊತ್ತಿದ್ದೆ. ಪಂದ್ಯ ಎಲ್ಲೇ ಇದ್ದರೂ ನನ್ನನ್ನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿಕೊಂಡು ಹೋಗುತ್ತಿದ್ದರು.

ನಾಲ್ಕನೆಯ ಕೊಕ್ಕೆ ತಾರಾಮಣಿಯದು. ಮೊದಲ ಮೂವರು ಬೇಸುಗಳಿಗೆ ಹೋಗಿ ನಿಂತರೆ, ಅವರನ್ನೆಲ್ಲ ಮನೆ ಮುಟ್ಟಿಸುವ ಹೊಡೆತ ನಾಲ್ಕನೆಯವಳದು. ತಾರಾಮಣಿ ಹೊಡೆದ ಚೆಂಡನ್ನು ಪಕ್ಕದ ತೆಂಗಿನ ತೋಟದಲ್ಲಿ ಹುಡುಕಬೇಕಾಗುತ್ತಿತ್ತು. ಒಂಬತ್ತನೆಯ ಕೊಕ್ಕೆಯಲ್ಲಿ ನಸೀಮಾ. ಎಡಗೈಯವಳು, ಹೊಸಬಳು, ಬ್ಯಾಟಿಗಿಂತ ಒಂದು ಗೇಣು ಎತ್ತರ ಅಷ್ಟೆ.

ಆ ವರ್ಷ ಕಾಲೇಜು ಮೊದಲ ಸಲ ಅಂತರ ಕಾಲೇಜು ಪಂದ್ಯಾವಳಿಯ ಫೈನಲ್ ತಲುಪಿತು. ಹಿಂದಿನ ಸಂಜೆ ಮೇಡಂ ಬಿಲ್ಲೆ ಹಾಕುತ್ತಿದ್ದಾಗ ಸಿದ್ದಲಿಂಗಪ್ಪನವರು ತಮ್ಮ ನೋಟ್‌ಬುಕ್ ಬಿಚ್ಚಿದರು. ಯಾರು ಎಷ್ಟು ಸಲ ಬ್ಯಾಟು ಹಿಡಿದರು, ಎಷ್ಟು ಸಲ ಹೊಡೆದರು ಎಂಬುದೆಲ್ಲ ಅದರಲ್ಲಿತ್ತು.

"ಮೇಡಮ್ಮೋರೇ, ತಾರಾಮಣಿ ಈ ಪಂದ್ಯಾವಳೀಲಿ ಹನ್ನೊಂದು ಸಲ ನಿಂತು ಎರಡೇ ಹೊಡೆದವಳೆ. ಹೊರಗೆ ಹೋಗೋ ಚೆಂಡಿಗೂ ಬ್ಯಾಟ್ ಬೀಸ್ತಾಳೆ. ನಸೀಮಾ ಒಂಬತ್ತಕ್ಕೆ ಐದು. ಇಬ್ರನ್ನೂ ಅದಲು ಬದಲು ಮಾಡಿ."

"ಪುಸ್ತಕ ನೋಡಿ ಆಡ್ಸಕ್ಕಾಗಲ್ಲ ಸಿದ್ದಲಿಂಗಪ್ಪನವರೇ. ಅವಳ ಕೈ ನಂಗೆ ಗೊತ್ತು."

"ಕೈ ಗೊತ್ತು, ಸರಿ. ಈಗ ಕಣ್ಣು ಓಡ್ತಿಲ್ಲ ಅವಳದು."

ಮೇಡಂ ಮೆಲ್ಲಗೆ ಹೇಳಿದರು: "ನಾಳೆ ಯೂನಿವರ್ಸಿಟಿ ತಂಡಕ್ಕೆ ಆರಿಸೋರು ಬರ್ತಾರೆ. ಅವರು ನೋಡೋದು ನಾಲ್ಕನೇವಳನ್ನ. ಅವಳಿಗಿದು ಕೊನೇ ವರ್ಷ. ಒಂಬತ್ತಕ್ಕೆ ಹಾಕಿದ್ರೆ ಯಾರು ನೋಡ್ತಾರೆ ಅವಳನ್ನ?"

"ಒಬ್ಬಳಿಗೋಸ್ಕರ ಮಿಕ್ಕಿದವರು ಸೋಲಬೇಕಾ ಮೇಡಮ್ಮೋರೇ?"

ಮೇಡಂ ನಸೀಮಾಳ ಬಿಲ್ಲೆಯನ್ನು ಒಂಬತ್ತಕ್ಕೇ ಹಾಕಿದರು. ಬಿಲ್ಲೆಗಳು ಇದ್ದಲ್ಲೇ ಉಳಿದವು. ಗ್ಲೌಸ್ ಹಿಂದಿರುಗಿಸಲು ಬಂದ ತಾರಾಮಣಿ ಬಾಗಿಲಾಚೆ ನಿಂತಿದ್ದನ್ನು ಅವರಿಬ್ಬರೂ ನೋಡಲಿಲ್ಲ, ನಾನು ನೋಡಿದೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವಳೇ ಬಂದಳು. ನಾಲ್ಕರಿಂದ ತನ್ನ ಬಿಲ್ಲೆ ತೆಗೆದು ಒಂಬತ್ತಕ್ಕೆ ಹಾಕಿದಳು, ನಸೀಮಾಳದನ್ನು ನಾಲ್ಕಕ್ಕೆ. ಅವಳ ಬೆರಳು ತಣ್ಣಗಿದ್ದವು. ಒಂಬತ್ತನೆಯ ಕೊಕ್ಕೆ ವಾಲಿರುವುದರಿಂದ ಬಿಲ್ಲೆ ಓರೆಯಾಯಿತು. ನೆಟ್ಟಗೆ ಮಾಡಿದಳು, ಮತ್ತೆ ಓರೆಯಾಯಿತು. ಬೇಡ ಮಗಳೇ, ನಿನ್ನ ಜಾಗ ಅದಲ್ಲ ಎಂದು ಹೇಳಬೇಕೆನಿಸಿತು. ನನಗೆ ಬಾಯಿಲ್ಲ.

ಮೇಡಂ ಬಂದು ನೋಡಿ, "ಯಾರು ಮುಟ್ಟಿದ್ದು ಇದನ್ನ?" ಎಂದರು.

"ನಾನೇ ಮೇಡಂ."

"ಇವತ್ತು ಯಾರು ಬರ್ತಾರೆ ಗೊತ್ತಾ ನಿಂಗೆ?"

"ಗೊತ್ತು ಮೇಡಂ. ಹನ್ನೊಂದಕ್ಕೆ ಎರಡು ಅನ್ನೋದೂ ಗೊತ್ತು. ನಮ್ಮ ಕಾಲೇಜಿಗೆ ಒಂದು ಕಪ್ ಬರ್ಲಿ."

ಸಿದ್ದಲಿಂಗಪ್ಪನವರು ಕಿಟಕಿಯ ಕಡೆ ತಿರುಗಿ ನಿಂತರು. ಕೇಳಿದ್ದು ಸಿಕ್ಕಿತ್ತು, ಆದರೆ ಮುಖದಲ್ಲಿ ಗೆಲುವಿರಲಿಲ್ಲ. ಮೇಡಂ ನನ್ನನ್ನು ನೋಡಿಕೊಂಡು, ನಾನು ತೋರಿಸಿದಂತೆಯೇ ಒಂಬತ್ತು ಹೆಸರು ಬರೆದರು.

ಎದುರಾಳಿ ಹಾಸನದ ತಂಡ. ನನ್ನನ್ನು ಬೇವಿನ ಮರದ ಕೆಳಗಿನ ಬೆಂಚಿಗೆ ಒರಗಿಸಿದ್ದರು. ನಸೀಮಾ ನಾಲ್ಕನೆಯವಳಾಗಿ ಎರಡು ಸಲ ಚೆನ್ನಾಗಿ ಹೊಡೆದಳು. ತಾರಾಮಣಿ ಎರಡು ಸಲವೂ ಔಟಾದಳು. ಏಳನೆಯ ಇನ್ನಿಂಗ್ಸ್, ಅಂದರೆ ಕೊನೆಯದು. ಹಾಸನದವರು ನಾಲ್ಕು, ನಮ್ಮವರು ಮೂರು. ನಮ್ಮ ಇಬ್ಬರು ಆಗಲೇ ಔಟು, ಇನ್ನೊಬ್ಬಳು ಹೋದರೆ ಆಟ ಮುಗಿಯಿತು. ಎರಡನೆಯ, ಮೂರನೆಯ ಬೇಸಿನಲ್ಲಿ ನಮ್ಮ ಹುಡುಗಿಯರು ಕಾಯುತ್ತಿದ್ದಾರೆ. ಸರದಿ ಒಂಬತ್ತನೆಯ ಕೊಕ್ಕೆಯದು. ಆರಿಸಲು ಬಂದವರು ನಸೀಮಾಳ ಹೆಸರು ಗುರುತು ಹಾಕಿಕೊಂಡು ಎಳನೀರು ಕುಡಿಯುತ್ತಿದ್ದರು.

ತಾರಾಮಣಿಯ ತೋಳು ಕಂಡೇ ಹಾಸನದ ಹುಡುಗಿ ಹೆದರಿ ಚೆಂಡನ್ನು ಆಚೆ ಆಚೆ ಎಸೆಯತೊಡಗಿದಳು. ಒಂದು, ಎರಡು, ಮೂರು. "ಹೊಡಿಯೇ ತಾರಾ" ಎಂದು ಬೆಂಚಿನಿಂದ ಯಾರೋ ಕೂಗಿದರು. ನಾಲ್ಕನೆಯದು ಆಸೆ ಹುಟ್ಟಿಸುವಷ್ಟು ಹತ್ತಿರ ಬಂತು. ಅಂಥದ್ದನ್ನು ಅವಳು ಎಂದೂ ಬಿಟ್ಟವಳಲ್ಲ. ಭುಜ ಅಲುಗಿತು, ಬ್ಯಾಟು ಅಲುಗಲಿಲ್ಲ. ಅಂಪೈರು "ಬಾಲ್" ಎಂದರು. ನಾಲ್ಕು ಚೆಂಡು ಹೊರಗೆ ಹೋದರೆ ಮೊದಲನೆಯ ಬೇಸು ಬಿಟ್ಟಿ. ತಾರಾಮಣಿ ಬ್ಯಾಟನ್ನು ಮೆಲ್ಲಗೆ ನೆಲಕ್ಕಿಟ್ಟು ನಡೆದು ಹೋಗಿ ಅಲ್ಲಿ ನಿಂತಳು.

ಇನ್ನೇನು ಗತಿ, ಒಂಬತ್ತೂ ಮುಗಿಯಿತಲ್ಲ ಎಂದು ನಾನು ಗಾಬರಿಯಾದೆ. ಅಷ್ಟರಲ್ಲಿ ಪುಟ್ಟಲಕ್ಷ್ಮಿ ಎದ್ದಳು, ನನ್ನ ಮೊದಲನೆಯ ಕೊಕ್ಕೆಯವಳು. ಒಂಬತ್ತರ ಮುಂದೆ ಮತ್ತೆ ಒಂದು. ಆ ಆಟದಲ್ಲೇ ಸರದಿ ಎರಡು ಸಲ ಸುತ್ತಿ ಬಂದಿದ್ದರೂ, ಒಂಬತ್ತನ್ನು ಕೊನೆಯೆಂದೇ ನೋಡುವ ಲಾಡ್ಜಿನ ಅಭ್ಯಾಸ ನನ್ನನ್ನು ಬಿಟ್ಟಿರಲಿಲ್ಲ. ಪುಟ್ಟಲಕ್ಷ್ಮಿ ಹೊಡೆದ ಚೆಂಡು ಇಬ್ಬರ ನಡುವೆ ಹಾಯ್ದು ಹೋಯಿತು. ಇಬ್ಬರು ಓಡಿ ಬಂದರು. ಐದು, ನಾಲ್ಕು. ಕಪ್ ನಮ್ಮದು.

ಸಿದ್ದಲಿಂಗಪ್ಪನವರು ನೋಟ್‌ಬುಕ್ ಹಿಡಿದು ಕೂತಿದ್ದರು. ಹೊಡೆಯದೆ ನಡೆದು ಹೋದವರಿಗೆ ಅವರು ಒಂದು ಅಡ್ಡ ಗೀಟು ಎಳೆದು ಬಿಡುವುದು ವಾಡಿಕೆ. ಅಂದು ಗೀಟು ಎಳೆಯಲು ಕೈ ಬರಲಿಲ್ಲ. ಆ ಜಾಗದಲ್ಲಿ 'ತಾರಾಮಣಿ' ಎಂದು ಪೂರ್ತಿ ಹೆಸರು ಬರೆದು, ಕನ್ನಡಕ ತೆಗೆದು ಒರೆಸಿಕೊಂಡರು.

ಯೂನಿವರ್ಸಿಟಿ ತಂಡಕ್ಕೆ ನಸೀಮಾ ಆಯ್ಕೆಯಾದಳು. ತಾರಾಮಣಿಯ ಹೆಸರು ಬರಲಿಲ್ಲ. ನಸೀಮಾ ಅತ್ತಾಗ, "ನನ್ನ ಬ್ಯಾಟ್ ತಗೊಂಡು ಹೋಗು, ನಿಂಗೆ ಸ್ವಲ್ಪ ಉದ್ದ ಆಗತ್ತೆ, ಅಭ್ಯಾಸ ಮಾಡ್ಕೊ" ಎಂದಳು ತಾರಾಮಣಿ. ತಾನು ಅಳಲು ಮಾತ್ರ ತಾರಾಮಣಿ ಒಬ್ಬಳೇ ನನ್ನ ಕೋಣೆಗೆ ಬಂದಳು. ಅದನ್ನು ನಾನು ಯಾರಿಗೂ ಹೇಳಿಲ್ಲ.

ಸಿದ್ದಲಿಂಗಪ್ಪನವರು ನಿವೃತ್ತರಾದ ಮೇಲೆ ನಾನು ಹರಿದ ಬಲೆಗಳ ಕೆಳಗೆ ವರ್ಷಗಟ್ಟಲೆ ಬಿದ್ದಿದ್ದೆ. ಒಂದು ದಿನ ಹೊಸ ಆಟದ ಮೇಡಂ ಬಂದು, ಆ ಕೊಕ್ಕೆ ಹಲಗೆ ಎಲ್ಲಿ ಎಂದು ಮೊದಲು ಕೇಳಿದರು. ಧೂಳು ಒರೆಸಿದ ಕೈ ನನಗೆ ಗುರುತು ಸಿಕ್ಕಿತು. ತಾರಾಮಣಿ! ಈಗ ಸರದಿಯೆಲ್ಲ ಮೊಬೈಲಿನಲ್ಲೇ ಬರೆದರೂ, ಅವಳು ಬಿಲ್ಲೆಗಳನ್ನು ನನಗೆ ಹಾಕದೆ ಬಿಡುವುದಿಲ್ಲ. ನನ್ನ ಪಾಲಿಶ್ ಹೋಗಿದೆ, ಅಂಚಿನ ಬಳ್ಳಿಯನ್ನು ಹುಳು ತಿಂದಿದೆ. ಆದರೂ ನನ್ನಷ್ಟು ಹೆಮ್ಮೆಯ ಹಲಗೆ ಈ ತಾಲ್ಲೂಕಿನಲ್ಲಿ ಇನ್ನೊಂದಿರಲಾರದು.

ಮೊನ್ನೆ ಒಬ್ಬ ಹುಡುಗಿ ತನ್ನ ಬಿಲ್ಲೆ ಒಂಬತ್ತರಲ್ಲಿ ಕಂಡು ಮುಖ ಊದಿಸಿಕೊಂಡಳು.

"ಒಂಬತ್ತು ಆದ್ಮೇಲೆ ಯಾರೇ ಬರ್ತಾರೆ?" ಎಂದಳು ತಾರಾಮಣಿ.

"ಒಂದನೇವಳು, ಮೇಡಂ."

"ಅವಳಿಗೆ ದಾರಿ ಮಾಡಿಕೊಡೋರು ಯಾರು?"

ಹುಡುಗಿ ತನ್ನ ಬಿಲ್ಲೆಯನ್ನು ನೆಟ್ಟಗೆ ಮಾಡಿದಳು. ಅದು ಮತ್ತೆ ಓರೆಯಾಯಿತು. ನಕ್ಕು, ಹಾಗೇ ಬಿಟ್ಟು ಮೈದಾನಕ್ಕೆ ಓಡಿದಳು. ಎಲ್ಲರೂ ಮುಟ್ಟಿ ಮುಟ್ಟಿ ಹಿತ್ತಾಳೆ ಹೊಳೆಯುತ್ತಿರುವುದು ಈಗ ಆ ಒಂದು ಕೊಕ್ಕೆಯಲ್ಲಿ ಮಾತ್ರ. ಯಾರು ನೋಡ್ತಾರೆ ಎಂದಿದ್ದರಲ್ಲ ನಂಜುಂಡಾಚಾರ್ರು? ಈ ಕೋಣೆಗೆ ಬಂದವರೆಲ್ಲ ಮೊದಲು ನೋಡುವುದು ಅದನ್ನೇ.