ಮಠದಮ್ಮನ ರಕ್ತ

ಬಕೆಟ್ಟಿನ ಸದ್ದಿಗೆ ಮಠದಮ್ಮ ಬರಲಿಲ್ಲ. ಓತಕಾರ್ ಏರಿಯ ಮೇಲೆ ನಿಂತು ಮತ್ತೊಮ್ಮೆ ಬಕೆಟ್ ಬಡಿದ. ಎರಚಿದ ಗೋಧಿ ಮುಳುಗಿ ತಳ ಸೇರಿತು. ನೀರು ಸುಮ್ಮನಿತ್ತು.

ಮಠದಮ್ಮ ಅವನ ತಾಯಿ ಗೆಂಡೆಮೀನುಗಳಲ್ಲಿ ಎಲ್ಲಕ್ಕಿಂತ ಹಿರಿಯದು. ದಪ್ಪ ತುಟಿ, ಅಗಲ ಹೊಟ್ಟೆ, ಅವಸರವೇ ಇಲ್ಲದ ನಡೆ. ಸನ್ಯಾಸಿನಿಯರ ಮಠದ ಹಿರಿಯಮ್ಮನ ಹಾಗೇ ಇದೆ ಎಂದು ಹೆಂಡತಿ ವ್ಲಾಸ್ತಾ ಆ ಹೆಸರಿಟ್ಟಿದ್ದಳು. ತ್ರೆಬೊನ್ ಪಟ್ಟಣದ ಸುತ್ತಿನ ಕೆರೆಗಳಿಂದ ಕ್ರಿಸ್‌ಮಸ್ ಊಟಕ್ಕೆ ಹೋಗುವ ಸಾವಿರಾರು ಮೀನುಗಳನ್ನು ಓತಕಾರ್ ಒಂದು ನಿಟ್ಟುಸಿರೂ ಬಿಡದೆ ಬಲೆಯಿಂದ ತೊಟ್ಟಿಗೆ ಸುರಿದವನು. ಆದರೆ ಮನೆಯ ಹಿಂದಿನ ಪುಟ್ಟ ಕೆರೆಯಲ್ಲಿದ್ದ ಈ ತಾಯಂದಿರ ಮಾತೇ ಬೇರೆ. ಉಳಿದ ಕೆರೆಗಳಿಗೆಲ್ಲ ಮರಿ ಇವುಗಳಿಂದಲೇ ಬರಬೇಕು.

ಕೊನೆಗೂ ಮಠದಮ್ಮ ಕಂಡಿತು. ದಡದ ಜೊಂಡಿನ ಬಳಿ ಒಂದು ಬದಿಗೆ ವಾಲಿಕೊಂಡು, ಯಾವುದೋ ಹಳೆಯ ಯೋಚನೆಯಲ್ಲಿ ಮುಳುಗಿದಂತೆ ನಿಂತಿತ್ತು. ಕಣ್ಣುಗಳು ಒಳಗೆ ಹೋಗಿದ್ದವು. ಓತಕಾರ್ ಮಂಡಿಯೂರಿ ಜೊಂಡು ಸರಿಸಿ ನೋಡಿದ. ಹಿಂದಿನ ವರ್ಷ ಪಕ್ಕದ ಸೀಮೆಯಲ್ಲಿ ಒಂದು ವೈರಸ್ ಬಂದಾಗ ಇಡೀ ಕೆರೆಯ ಮೀನನ್ನು ಕೊಂದು ಸುಣ್ಣ ಹಾಕಿ ಹೂತಿದ್ದರು. ತನ್ನ ಮೀನುಗಳಿಗೂ ಅದೇ ಗತಿಯೇ ಎಂಬ ಪ್ರಶ್ನೆಯನ್ನು ಅವನು ಯಾರ ಮುಂದೆಯೂ ಬಾಯಿಬಿಟ್ಟು ಕೇಳಲಿಲ್ಲ.

ಭಾನುವಾರ ಮಗ ಬರಲಿಲ್ಲ, ಸೊಸೆ ಬ್ಲಾಂಕಾ ಒಬ್ಬಳೇ ಊಟಕ್ಕೆ ಬಂದಳು. ಮೀನಿನ ರಕ್ತ ಪರೀಕ್ಷಿಸುವುದೇ ಅವಳ ಉದ್ಯೋಗ. ಮಾವ ಸಾರಿನಲ್ಲಿ ಕಡುಬು ಅದ್ದಿ, ತಿನ್ನದೆ ಹಾಗೇ ಕೂತಿದ್ದನ್ನು ಅವಳು ನೋಡಿದಳು. ಮೀನಿನದೇ ಚಿಂತೆಯೆಂದು ಅವಳಿಗೆ ತಿಳಿಯಿತು. ಎದ್ದು ಕಾರಿನಿಂದ ಪೆಟ್ಟಿಗೆ ತಂದು, ಅತ್ತೆಯ ರಬ್ಬರ್ ಬೂಟು ಹಾಕಿಕೊಂಡು ಕೆರೆಗೆ ನಡೆದಳು.

ಮಠದಮ್ಮನನ್ನು ಒದ್ದೆ ಗೋಣಿಯ ಮೇಲೆ ಮಲಗಿಸಿದರು. ಬ್ಲಾಂಕಾ ಕಿವಿರು ಎತ್ತಿದಳು. ಹಣ್ಣಾದ ಚೆರ್ರಿಯಂತೆ ಕೆಂಪಗಿರಬೇಕಾದದ್ದು ಹಲವು ಸಲ ಒಗೆದ ಬಟ್ಟೆಯಂತೆ ಬಿಳಿಚಿತ್ತು. ಬಾಲದ ಹತ್ತಿರ ಸೂಜಿ ಚುಚ್ಚಿ ಎಳೆದ ರಕ್ತ ನೀರುನೀರಾಗಿತ್ತು. ಹೊಟ್ಟೆಯ ಕೆಳಗೆ ಪುಟ್ಟ ಜಿಗಣೆಗಳು ಅಂಟಿಕೊಂಡಿದ್ದವು.

ಅಡುಗೆಮನೆಯ ಮೇಜಿನ ಮೇಲೆ, ಗಸಗಸೆ ಬನ್ನಿನ ತಟ್ಟೆ ಸರಿಸಿ, ಅವಳು ಸೂಕ್ಷ್ಮದರ್ಶಕ ಇಟ್ಟಳು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ಇಟ್ಟು ಬಗ್ಗಿದಳು. ಗೋಡೆ ಗಡಿಯಾರದ ಸದ್ದು ಇಷ್ಟು ಜೋರೆಂದು ಓತಕಾರನಿಗೆ ಈವರೆಗೆ ಗೊತ್ತಿರಲಿಲ್ಲ.

"ಬನ್ನಿ ಮಾವ, ನೀವೇ ನೋಡಿ."

ಅವನು ಬಗ್ಗಿ ನೋಡಿದ. ಅಲ್ಲಲ್ಲಿ ಚದುರಿದ್ದ ರಕ್ತಕಣಗಳ ನಡುವೆ ಏನೋ ಸಣ್ಣ ಜೀವಗಳು ಮದುವೆಮನೆಯಲ್ಲಿ ಕುಡಿದು ಕುಣಿಯುವವರ ಹಾಗೆ ಒದ್ದಾಡುತ್ತಿದ್ದವು.

ಇದು ನೀವು ಹೆದರಿರಬಹುದಾದ ಆ ವೈರಸ್ಸಿನ ಲಕ್ಷಣವಲ್ಲ, ಆದರೂ ಖಾತ್ರಿಗೆ ನಾಳೆ ಅದನ್ನೂ ಪರೀಕ್ಷಿಸುತ್ತೇನೆ ಎಂದಳು ಬ್ಲಾಂಕಾ. ಒಂದು ಮೀನಿನ ರಕ್ತ ಕುಡಿದ ಜಿಗಣೆ ಈ ಜೀವಿಗಳನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಮೀನಿಗೆ ಹೊಸ ರಕ್ತ ಮೂತ್ರಪಿಂಡದಲ್ಲಿ ಹುಟ್ಟಬೇಕು, ರೋಗ ಅದನ್ನೇ ಊದಿಸಿ ಕೆಡಿಸುತ್ತದೆ. ರಕ್ತ ತೆಳುವಾದಂತೆ ಉಸಿರು ಸಾಲದು, ಅದಕ್ಕೇ ಮೀನು ಅಲುಗದೆ ನಿಲ್ಲುತ್ತದೆ. ಇಷ್ಟು ಹೇಳಿ, ಅವಳು ಮಾವನ ಮುಖ ನೋಡದೆ ಕೇಳಿದಳು.

"ಹೋದ ಚಳಿಗಾಲ ಈ ಕೆರೆ ಬತ್ತಿಸಿದ್ರಾ ಮಾವ?"

ಚಳಿಗಾಲದಲ್ಲಿ ಪ್ರತಿ ಕೆರೆಯನ್ನೂ ಖಾಲಿ ಮಾಡಿ ತಳದ ಕೆಸರು ಹೆಪ್ಪುಗಟ್ಟಲು ಬಿಡಬೇಕು, ಜಿಗಣೆ ಸಾಯುವುದು ಹಾಗೆ. ಹಾಗೆ ಮಾಡದ ಕೆಲಸಗಾರರನ್ನು ಓತಕಾರ್ ಜೀವನವಿಡೀ ಬೈದಿದ್ದ.

"ತೂಬು ಕೆಟ್ಟಿತ್ತು," ಎಂದ.

"ಕೆಟ್ಟಿದ್ದು ತೂಬಲ್ಲ," ಎಂದಳು ವ್ಲಾಸ್ತಾ, ಪಾತ್ರೆ ತೊಳೆಯುತ್ತಲೇ. "ಎತ್ತಿ ಸಾಗಿಸಿದ್ರೆ ಅಮ್ಮಂದಿರಿಗೆ ನೋವಾಗತ್ತೆ, ಚಳಿಯಾಗತ್ತೆ ಅಂತ ಎರಡು ಚಳಿಗಾಲ ತೂಬು ಮುಟ್ಟಲಿಲ್ಲ ಇವರು. ನನಗೆ ಚಳಿ ಅಂದ್ರೆ ಮಾತ್ರ ಸೌದೆ ಒಡ್ಕೋ ಅಂತಾರೆ."

ಬ್ಲಾಂಕಾ ನಗು ತಡೆಯಲು ಮತ್ತೆ ಸೂಕ್ಷ್ಮದರ್ಶಕಕ್ಕೆ ಬಗ್ಗಿದಳು. ಓತಕಾರ್ ನಗಲಿಲ್ಲ. ಬಯ್ಯುವವರಿದ್ದರೆ ತಿರುಗಿ ಬಯ್ಯಬಹುದಿತ್ತು. ಇಲ್ಲಿ ತಪ್ಪು ಮಾಡಿದ್ದು ತನ್ನ ಅಕ್ಕರೆಯೇ. ಅದನ್ನು ಹೇಗೆ ಬಯ್ಯುವುದೆಂದು ಅವನಿಗೆ ತಿಳಿಯಲಿಲ್ಲ.

"ಈಗ ಎತ್ತಿದ್ರೆ ತಡ್ಕೊಳ್ತಾವಾ?"

"ಕೆಲವು ತಡ್ಕೊಳ್ಳಲ್ಲ. ಬಿಟ್ಟರೆ ಯಾವುದೂ ಉಳಿಯೋದು ಕಷ್ಟ ಮಾವ."

ವೈರಸ್ ಇಲ್ಲವೆಂಬುದು ಖಾತ್ರಿಯಾದ ಮರುದಿನ ಬೆಳಗ್ಗೆ ಅವನೇ ತೂಬಿನ ಹಲಗೆಗಳನ್ನು ಒಂದೊಂದಾಗಿ ಎತ್ತಿದ. ಅವು ಬೆಣ್ಣೆಯಂತೆ ಜಾರಿ ಬಂದವು. ಆ 'ಕೆಟ್ಟ' ತೂಬಿನ ಹಲಗೆಗಳನ್ನು ವ್ಲಾಸ್ತಾ ಒಂದರ ಮೇಲೊಂದು ಜೋಡಿಸಿದಳು. ಉಪ್ಪುನೀರಿನ ತೊಟ್ಟಿಯಲ್ಲಿ ಅದ್ದಿದಾಗ ಜಿಗಣೆಗಳು ಕಳಚಿ ಬಿದ್ದವು. ಬಾಣಲೆಗೆ ಹೋಗುವ ಎಷ್ಟೋ ಮುಂಚೆಯೇ ಗೆಂಡೆಗೆ ಉಪ್ಪು ಹಾಕಿದ್ದು ಇದೇ ಮೊದಲು ಎಂದಳು ವ್ಲಾಸ್ತಾ. ಒದ್ದೆ ಬಟ್ಟೆಯ ಜೋಲಿಯಲ್ಲಿ ಮಾವ, ಸೊಸೆ ಹೆಜ್ಜೆಗೆ ಹೆಜ್ಜೆ ಹೊಂದಿಸಿ ಒಂದೊಂದೇ ತಾಯಿಯನ್ನು ಹರಿಯುವ ನೀರಿನ ಕೊಳಕ್ಕೆ ಸಾಗಿಸಿದರು.

ಬರಿದಾದ ಕೆರೆಯ ತಳ ಆ ಚಳಿಗೆ ಕಲ್ಲಾಯಿತು. ತಾಯಂದಿರಲ್ಲಿ ಎರಡು ಉಳಿಯಲಿಲ್ಲ. ಅವನ್ನು ಓತಕಾರ್ ಯಾರಿಗೂ ಹೇಳದೆ ಸೇಬಿನ ಮರದ ಬುಡದಲ್ಲಿ ಹೂತ. ಮಠದಮ್ಮ ಮಾತ್ರ ಕೊಳದ ಆಳದಲ್ಲಿ ಕಪ್ಪು ನೆರಳಾಗಿ ಇದ್ದೇ ಇತ್ತು. ಬದುಕಿದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು.

ವಸಂತ ಬಂದು ನೀರು ಬೆಚ್ಚಗಾದಾಗ ಬ್ಲಾಂಕಾ ಮತ್ತೆ ಸೂಜಿ ಹಿಡಿದು ಬಂದಳು. ಓತಕಾರ್ ನೀರಿಗಿಳಿದು ಮಠದಮ್ಮನನ್ನು ತಬ್ಬಿ ಎತ್ತಿದ. ಬ್ಲಾಂಕಾ ಕಿವಿರು ಎತ್ತಿ ನೋಡುವಷ್ಟರಲ್ಲಿ ಅದು ಬಾಲ ಬೀಸಿತು. ಅವನ ಕೆನ್ನೆಗೆ ಫಟಾರೆಂದು ಬಿತ್ತು, ಟೋಪಿ ಹಾರಿ ನೀರಿಗೆ ಹೋಯಿತು, ಮೀನು ಕೈತಪ್ಪಿ ಸರ್ರನೆ ಜಾರಿತು.

ಅವನು ಮೀಸೆಯಿಂದ ನೀರು ಸೋರಿಸುತ್ತ ನಿಂತ. ಕೆನ್ನೆ ಕೆಂಪಾಗಿತ್ತು.

"ಇನ್ನೇನು ಪರೀಕ್ಷೆ ಬೇಕಮ್ಮ ನಿನಗೆ?"

ಆದರೂ ರಕ್ತ ನೋಡಬೇಕು, ಇನ್ನೊಮ್ಮೆ ಹಿಡಿಯಿರಿ ಎಂದಳು ಬ್ಲಾಂಕಾ. ವ್ಲಾಸ್ತಾ ಟೋಪಿ ಎಳೆಯಲು ಕೋಲು ತರಲು ಹೋದಳು. ಅಷ್ಟರಲ್ಲಿ ಮಠದಮ್ಮ ಕೆಳಗಿನಿಂದ ನಿಧಾನವಾಗಿ ಎದ್ದು ಬಂದು, ಟೋಪಿಯ ಅಂಚನ್ನು ದಪ್ಪ ತುಟಿಗಳಲ್ಲಿ ಚೀಪಿ ನೋಡಿ, ರುಚಿಸದೆ ಬಿಟ್ಟು, ಗೋಧಿ ಎಲ್ಲಿ ಎಂಬಂತೆ ದಡದ ಕಡೆಗೆ ತಿರುಗಿತು.