ಮುನಾಫಸಾಬನ ನೀರು ಬತ್ತಿದ ಸೋಮವಾರ

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ರಾಶಿ ಬಿದ್ದ ದಿನ ಸೂರ್ಯನೂ ತನ್ನ ಬಣ್ಣ ಸಾಲದೆಂದು ನಾಚಿ ಮೋಡದ ಹಿಂದೆ ಸರಿಯುತ್ತಾನೆ. ಅಂದು ರಾಣೇಬೆನ್ನೂರಿನ ಕಾಗೆಗಳು ಕೂಗುವುದಿಲ್ಲ, ಬರೀ ಕೆಮ್ಮುತ್ತವೆ. ಹಾವೇರಿಯ ಸ್ಟೇಷನ್ನಿನಲ್ಲಿ ರೈಲು ಸೀನಿ ಮುಂದೆ ಹೋಗುತ್ತದೆ. ಇಂಥ ಊರಿನಲ್ಲಿ ಖಾರದ ತೀರ್ಪು ಕೊಡಲು ಹುಟ್ಟಿದವನು ಒಬ್ಬನೇ: ನಿಜಲಿಂಗಪ್ಪ ಸಾಹುಕಾರರ ದಲಾಲಿ ಅಂಗಡಿಯ ಮುನಾಫಸಾಬ.

ಬೇರೆಯವರು ಕಾಯಿ ಮುರಿದು, ಮೂಸಿ, ನಾಲಿಗೆಗೆ ಹಚ್ಚಿ ಹೇಳುತ್ತಾರೆ. ಮುನಾಫಸಾಬ ನಾಲಿಗೆಯನ್ನು ನಂಬುವವನಲ್ಲ. ಪ್ರಾಯದಿಂದ ಖಾರ ತಿಂದು ತಿಂದು ಅದು ಹಳೇ ಚಪ್ಪಲಿಯ ಅಟ್ಟೆಯಂತಾಗಿತ್ತು. ಕೆಂಡ ಇಟ್ಟರೂ ಉಪ್ಪು ಕಡಿಮೆಯಾಯಿತು ಎನ್ನುತ್ತಿತ್ತು. ಅವನು ನಂಬುತ್ತಿದ್ದುದು ತನ್ನ ಮೈಯ ನೀರನ್ನು. ಕಾಯಿ ಕಚ್ಚಿ ಕಣ್ಣು ಮುಚ್ಚಿ ನಿಲ್ಲುವನು. ಬರೀ ಜೊಲ್ಲು ಊರಿದರೆ ಸಪ್ಪೆ. ಮೂಗಿನ ತುದಿಯಲ್ಲಿ ಬೆವರು ಮುತ್ತಾದರೆ ಮಧ್ಯಮ. ಎಡಗಣ್ಣು ಒದ್ದೆಯಾದರೆ ಖಾರ. ಎರಡೂ ಕಣ್ಣು ಸುರಿದವೆಂದರೆ ಆ ರಾಶಿಯ ಪಕ್ಕ ಬೀಡಿ ಹಚ್ಚಬಾರದು, ಊರು ಉರಿದೀತು. ಅವನ ಎಡಗಣ್ಣು ನೋಡಿಕೊಂಡೇ ವ್ಯಾಪಾರಿಗಳು ಲಾರಿ ತುಂಬಿಸುತ್ತಿದ್ದರು.

ಆದರೆ ಈಚೆಗೆ ಅವನಿಗೆ ಬೇರೊಂದು ನೀರಿನ ಕಾಟ ಶುರುವಾಗಿತ್ತು. ಚಹಾ ಕುಡಿದ ಕಪ್ಪು ಕೆಳಗಿಡುವುದರೊಳಗೆ ಮೂತ್ರಕ್ಕೆ ಅವಸರ. ಒಂದು ರಾಶಿಯ ತೀರ್ಪು ಮುಗಿಯುವ ಮೊದಲೇ ಅಂಗಡಿಯ ಹಿಂದಕ್ಕೆ ಓಡಬೇಕು. ಯಾರಿಗೂ ಹೇಳುವಂತಿಲ್ಲ. ಕೇಳಿದವರಿಗೆ "ಫೋನ್ ಬಂದಿತ್ತ್ರಿ" ಎನ್ನುತ್ತಿದ್ದ. ಮುಖ್ಯಮಂತ್ರಿಗೂ ಅಷ್ಟು ಫೋನ್ ಬರುತ್ತಿರಲಿಲ್ಲ.

ಕೊನೆಗೆ ಹೆಂಡತಿ ಮುಮ್ತಾಜಬಿ ಅವನನ್ನು ಬಸ್ಸಿಗೆ ಹತ್ತಿಸಿ ರಾಣೇಬೆನ್ನೂರಿನ ಡಾಕ್ಟರ್ ಆಯಿಶಾ ಹತ್ತಿರ ಒಯ್ದಳು. ದಾರಿಯಲ್ಲಿ ಅವನಿಗಾಗಿ ಬಸ್ಸು ನಿಂತಷ್ಟು ಸಲ ಕಂಡಕ್ಟರನ ಇಡೀ ನೌಕರಿಯಲ್ಲಿ ನಿಂತಿರಲಿಲ್ಲ. ಡಾಕ್ಟರು ತಪಾಸಣೆ ಮಾಡಿಸಿ, ಸಕ್ಕರೆ ಕಾಯಿಲೆಯಲ್ಲ, ಮೂತ್ರಚೀಲಕ್ಕೆ ಸುಮ್ಮನೆ ಆತುರ ಎಂದು ಹೇಳಿ ಬಿಳಿ ಗುಳಿಗೆ ಬರೆದರು. ರಾತ್ರಿ ಊಟವಾದ ಮೇಲೆ ಒಂದು.

ಆ ಸೋಮವಾರ ಹಾವೇರಿಯಿಂದ ಹಾಲೇಶಪ್ಪ ಬರುವವನಿದ್ದ. ಅವನು ಮಸಾಲೆ ಕಂಪನಿಗಳಿಗೆ ಕಾಯಿ ಕೊಳ್ಳುವ ದೊಡ್ಡ ಕುಳ. ಬಣ್ಣ ಬೇಕು, ಖಾರ ಬೇಡ ಎನ್ನುವವನು. ಅಂಥವನ ಎದುರು ಓಡುವುದು ಹೇಗೆ? ಒಂದು ಗುಳಿಗೆ ಅವಸರವನ್ನು ಅರ್ಧ ನಿಲ್ಲಿಸಿದರೆ ಮೂರು ಗುಳಿಗೆ ಪೂರ್ತಿ ನಿಲ್ಲಿಸಿ ಇನ್ನೂ ಚೂರು ಉಳಿಯುತ್ತದೆ ಎಂದು ಲೆಕ್ಕ ಹಾಕಿ, ಮುನಾಫಸಾಬ ಬೆಳಿಗ್ಗೆಯೇ ಮೂರನ್ನೂ ನುಂಗಿ ಹೊರಟ.

ಓಡುವ ಮಾತೇ ಇಲ್ಲ! ಗಿರಣಿಯ ಕಂಬದಂತೆ ನಿಂತ. ಬಾಯಿ ಮಾತ್ರ ಬೇಸಿಗೆಯ ಕೆರೆಯಂತೆ ಬಿರುಕು ಬಿಟ್ಟಿತ್ತು. ಕೈಯಲ್ಲಿ ಹಿಡಿದ ಚೀಟಿಯ ಅಕ್ಷರಗಳು ಇರುವೆಗಳಾಗಿ ಹರಿದಾಡುತ್ತಿದ್ದವು. ಇರಲಿ ಎಂದುಕೊಂಡು ಮೊದಲ ರಾಶಿಯ ಕಾಯಿ ಕಚ್ಚಿ ಕಣ್ಣು ಮುಚ್ಚಿದ. ಜೊಲ್ಲಿಲ್ಲ. ಬೆವರಿಲ್ಲ. ಎಡಗಣ್ಣು ಒಣ ಒಣ. ನಾಲಿಗೆ ಒಳಗೆ ಏನೋ ಒದರುತ್ತಿತ್ತು, ಆದರೆ ಆ ಸುಳ್ಳುಗಾರನ ಮಾತು ಅವನು ಯಾವತ್ತು ಕೇಳಿದ್ದ?

"ಸಕ್ಕರಿ ಐತ್ರಿ, ಸಕ್ಕರಿ! ಕೂಸಿಗೆ ತೇದು ಗುಟ್ಟಿ ಹಾಕ್ರಿ ಬೇಕಾದ್ರ!"

ಹಾಲೇಶಪ್ಪ ಆ ಮಾತು ನಂಬಿ ಒಂದು ಇಡೀ ಕಾಯಿಯನ್ನೇ ಜಗಿದ.

ಮುಂದಿನದನ್ನು ಬ್ಯಾಡಗಿಯ ಮಂದಿ ಇಂದಿಗೂ ಎದ್ದು ನಿಂತು ಅಭಿನಯಿಸಿ ತೋರಿಸುತ್ತಾರೆ. ಹಾಲೇಶಪ್ಪನ ಮುಖ ಆ ರಾಶಿಗಿಂತ ಕೆಂಪಾಯಿತು. ಕಿವಿಯಿಂದ ಹೊಗೆ ಬಂದದ್ದನ್ನು ಕಣ್ಣಾರೆ ಕಂಡವರು ಇದ್ದಾರೆ. ಅವನು ಚಹಾದಂಗಡಿಯ ಹಾಲಿನ ಪಾತ್ರೆಗೆ ಮುಖ ಹಾಕಿ, ಎಮ್ಮೆಗಳೂ ಹೊಟ್ಟೆಕಿಚ್ಚು ಪಡುವಷ್ಟು ಹೀರಿದ.

ಉಸಿರು ಬಂದ ಮೇಲೆ ಅವನು ಹೇಳಿದ್ದು ಒಂದೇ. "ಸಾವ್ಕಾರ್ರ, ಖಾರ ಅಳಿಯೂ ಮಷಿನ್ ನೋಡೇನಿ ನಾ. ಗುರುವಾರ ಬರತೇನಿ. ಈ ಸಾಬ ಇನ್ನೊಮ್ಮಿ ತಪ್ಪಿದರ ನಿಮ್ಮ ಅಂಗಡ್ಯಾಗ ಮಷಿನ್ ಕುಂದ್ರಸ್ರಿ, ಇಲ್ಲಾಂದ್ರ ನನ್ನ ಯಾಪಾರ ಬಿಡ್ರಿ."

ನಿಜಲಿಂಗಪ್ಪ ತಲೆ ತಗ್ಗಿಸಿದರು. "ಏನ್ ಮಾಡ್ಲಿ ಮುನಾಫಾ? ಗುರುವಾರ ನಿನ್ನ ಕೈಯಾಗ ಐತಿ."

ಮರುದಿನವೇ ಮುನಾಫಸಾಬ ರಾಣೇಬೆನ್ನೂರಿಗೆ ಹೋಗಿ ಡಾಕ್ಟರರ ಮುಂದೆ ಕೂತ. "ಬೇಟಿ, ನನ್ನ ಕಣ್ಣೀರು ಯಾರೋ ಕದ್ದಾರ!"

ಎಷ್ಟು ಗುಳಿಗೆ ತೆಗೆದುಕೊಂಡನೆಂದು ಕೇಳಿ ಡಾಕ್ಟರ್ ಆಯಿಶಾ ಹಣೆ ಹಿಡಿದುಕೊಂಡರು. "ಚಾಚಾ, ಮೂರು ನುಂಗಿ ಆಸ್ಪತ್ರಿ ಸೇರಲಿಲ್ಲ, ಅದ ನಿಮ್ಮ ನಸೀಬು! ಕೇಳ್ರಿ. ಮೈಯಾಗ ಅಸಿಟೈಲ್‌ಕೋಲಿನ್ ಅಂತ ಒಬ್ಬ ಓಲೆಕಾರ ಇರತಾನ. ನರದಿಂದ ಇಳಿದು ಮನಿ ಮನಿ ಬಾಗಲಾ ಬಡಿತಾನ. ಜೊಲ್ಲಿನ ಗ್ರಂಥಿಗೆ 'ಸುರಿ' ಅಂತಾನ, ಕಣ್ಣೀರಿಗೆ 'ಹರಿ' ಅಂತಾನ, ಬೆವರಿಗೆ 'ಬಾ' ಅಂತಾನ, ಮೂತ್ರಚೀಲಕ್ಕ 'ಹಿಂಡು' ಅಂತಾನ. ಈ ಗುಳಿಗಿ ಹೋಗಿ ಬಾಗಲದಾಗ ಅಡ್ಡ ಕುಂದರತೈತಿ. ಆತ ಬಡದಾ ಬಡದಾ ವಾಪಸ್ ಹೋಗತಾನ."

"ಮೂತ್ರದ ಬಾಗಲದಾಗ ಅಷ್ಟ ಕುಂದ್ರು ಅಂತ ಹೇಳ್ರಲಾ ಅದಕ್ಕ!"

"ಅದಕ್ಕ ಅಷ್ಟು ಬುದ್ಧಿ ಇಲ್ಲ ಚಾಚಾ. ಎಲ್ಲಾ ಮನಿಗೂ ಅಂಥಾವ ಬಾಗಲಾ. ಒಂದು ತಗೊಂಡ್ರ ಬಾಯಿ ಚೂರು ಒಣಗತೈತಿ. ಮೂರು ನುಂಗಿದ್ರ ಓಣಿಯೆಲ್ಲಾ ಬಂದ್! ಹೊಲಕ್ಕ ಹುಳದ ಎಣ್ಣಿ ಹೊಡಿಯೂ ಮುಂದ ವಿಷ ಮೈಗೆ ಹತ್ತಿದವರು ಬರತಾರಲಾ, ಕಣ್ಣು, ಬಾಯಿ, ಎಲ್ಲಾ ಸುರಕೋತ? ಅವರಿಗೆ ಇದರ ಕುಲದ್ದ ಅಟ್ರೊಪಿನ್ ಸೂಜಿ ಹಾಕಿ ಉಳಸ್ತೇವಿ. ನಿಮಗ ಹರಿಯಾಕ ಏನೂ ಇರಲಿಲ್ಲ, ಮ್ಯಾಲಿಂದ ಕೆಳಗಿನ ತನಕಾ ಒಣಗಿಸಿಕೊಂಡೀರಿ. ನಿಮ್ಮ ಕೆಲಸ ಏನು ಅಂತ ಕೇಳಿದ್ನಲ್ಲ ನಾ?"

"ಯಾಪಾರ ಅಂದಿದ್ದೆ."

"ಅಳೂದು ಅನ್ನಬೇಕಿತ್ತು!"

ಮುನಾಫಸಾಬ ಬಗ್ಗಿ ಪಿಸುಗುಟ್ಟಿದ. "ಇದರ ಉಲ್ಟಾ ಔಷಧಿ ಇಲ್ಲೇನು?"

"ಐತಿ. ಪೈಲೋಕಾರ್ಪಿನ್. ಕೊಟ್ಟೆ ಅಂದ್ರ ಮಾರ್ಕೆಟ್ಟಿಗೆ ಹೋಗೂ ಮೊದಲ ಜೊಲ್ಲು, ಬೆವರು, ಕಣ್ಣೀರು ಎಲ್ಲಾ ಶುರು. ಬೆಲ್ಲ ತಿಂದು ಬೆಂಕಿ ಅಂತೀರಿ. ಮತ್ತ ಮೂತ್ರದ ಅವಸರ? ಬ್ಯಾಡಗಿ ತುಂಬ ಪ್ರವಾಹ! ಸುಮ್ಮನ ಗುಳಿಗಿ ಬಿಡ್ರಿ, ಗುರುವಾರದೊಳಗ ನೀರು ತಾನ ಬರತೈತಿ. ಆಮ್ಯಾಲ ಬೇರೆ ದಾರಿ ನೋಡೋಣು."

ಗುರುವಾರದ ಹೊತ್ತಿಗೆ ನೀರು ಬಂತು. ಎಲ್ಲಾ ನೀರೂ ಬಂತು.

ಮಾರುಕಟ್ಟೆಯಲ್ಲಿ ಜನ ಇರುವೆ ನುಸುಳದಷ್ಟು ಕೂಡಿತ್ತು. ಪರೀಕ್ಷೆಗೆ ಸಿಕ್ಕಿದ್ದು ಕಾಗಿನೆಲೆಯ ಜಯವ್ವನ ರಾಶಿ. ಮುನಾಫಸಾಬ ಕಾಯಿ ಕಚ್ಚಿ ಕಣ್ಣು ಮುಚ್ಚಿದ. ಆಹಾ, ಜೊಲ್ಲು ತಣ್ಣಗೆ ಊರಿತು. ಮೂಗಿನ ತುದಿ ಒಣಗಿಯೇ ಇತ್ತು, ಎಡಗಣ್ಣು ಶಾಂತ. ಅಪ್ಪಟ ಸಪ್ಪೆ! ಹಾಲೇಶಪ್ಪನಿಗೆ ಹೇಳಿ ಮಾಡಿಸಿದ ಮಾಲು. ಹೇಳಬೇಕೆಂದು ಬಾಯಿ ತೆರೆದ, ಅಷ್ಟರಲ್ಲಿ ಕೆಳಗಿನ ಬಾಗಿಲನ್ನು ಓಲೆಕಾರ ಎರಡೂ ಕೈಯಿಂದ ಗುದ್ದಿದ.

ಮುನಾಫಸಾಬ ಲುಂಗಿ ಎತ್ತಿ ಹಿಡಿದು ಓಡಿದ. ಮೂರು ಚೀಲ ಹಾರಿದ, ಒಂದು ತಕ್ಕಡಿ ಉರುಳಿಸಿದ.

"ಮುನಾಫಸಾಬನೇ ಓಡಿದ್ನಲೋ!" ಯಾರೋ ಕಿರುಚಿದರು. "ಎಂಥಾ ಖಾರ ಇರಬೇಕದು!"

ಹಾಲೇಶಪ್ಪ ರಾಶಿಯಿಂದ ಹತ್ತು ಹೆಜ್ಜೆ ಹಿಂದೆ ಜಿಗಿದು ಬಾಯಿಗೆ ಕೈ ಅಡ್ಡ ಹಿಡಿದ. ಜಯವ್ವ ಎದೆ ಬಡಿದುಕೊಂಡಳು. "ಅಯ್ಯ ನಿನ್ನ ಓಟಕ್ಕ ಬೆಂಕಿ ಹಾಕ! ಮಕ್ಕಳು ಹಸೇದು ತಿಂತಾವ ಈ ಕಾಯಿ!"

ಮುನಾಫಸಾಬ ಹಗುರಾಗಿ ಮರಳಿದಾಗ ತೀರ್ಪು ಆಗಿಹೋಗಿತ್ತು. ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಖಾರಕ್ಕೆ ಓಡಿದ ಎಂದರೆ ಯಾರೂ ನಗುವುದಿಲ್ಲ. ಆದರೆ ಅವನ ಬಾಯಿಂದ ಸುಳ್ಳು ಬಂದದ್ದುಂಟು, ಕಣ್ಣಿಂದ ಬಂದದ್ದಿಲ್ಲ. ಅವನು ಚೀಲದ ಮೇಲೆ ಹತ್ತಿ ನಿಂತು, ಮೂರು ತಾಲ್ಲೂಕಿಗೆ ಕೇಳುವಂತೆ ಕೂಗಿದ.

"ಖಾರಕ್ಕ ಓಡ್ಲಿಲ್ರಪಾ! ಮೂತ್ರಕ್ಕ ಓಡಿದೆ! ನನಗ ತಡಿಯಾಕ ಆಗೂದಿಲ್ಲ, ಫೋನ್ ಗೀನ್ ಎಲ್ಲಾ ಸುಳ್ಳು! ಸೋಮವಾರ ಅದಕ್ಕ ಗುಳಿಗಿ ನುಂಗಿ ಕಣ್ಣೀರು ಬತ್ತಿತ್ತು, ಅದಕ್ಕ ತಪ್ಪಿದೆ. ಈ ಯವ್ವನ ಮಾಲು ಸಪ್ಪಿ ಐತಿ. ಅಲ್ಲಾನ ಆಣಿ, ಸಪ್ಪಿ!"

ಅಷ್ಟು ದೊಡ್ಡ ಮಾರುಕಟ್ಟೆ ಮೊದಲ ಬಾರಿಗೆ ಕೆಮ್ಮುವುದನ್ನೂ ಮರೆಯಿತು. ಹಾಲೇಶಪ್ಪ ಒಂದು ಕೈಯಲ್ಲಿ ಹಾಲಿನ ಲೋಟ ಹಿಡಿದು, ಇನ್ನೊಂದರಲ್ಲಿ ಕಾಯಿ ಎತ್ತಿ, ಮನೆದೇವರನ್ನು ನೆನೆದು ಕಚ್ಚಿದ. ಜಗಿದ. ಕಾದ. ಹಾಲನ್ನು ಜಯವ್ವನ ಕೈಗೆ ಕೊಟ್ಟ.

"ಪೂರಾ ರಾಶಿ ತೂಗ್ರಿ," ಎಂದ. "ಮಷಿನ್ ಬ್ಯಾಡ ಸಾವ್ಕಾರ್ರ. ತಪ್ಪಿದರ ಯಾಕ ತಪ್ಪಿದೆ ಅಂತ ಅದೇನು ಇಷ್ಟು ಮಂದಿ ಮುಂದ ಹೇಳತೈತೇನು?"

ಮಂದಿ ಕೇಕೆ ಹಾಕಿ ನಗುತ್ತಿದ್ದ ಗದ್ದಲದಲ್ಲಿ ನಿಜಲಿಂಗಪ್ಪ ಮುನಾಫಸಾಬನ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ಆ ಡಾಕ್ಟರ್ ರಾಣೇಬೆನ್ನೂರಾಗ ಯಾವ ಓಣ್ಯಾಗ ಅದಾರೋ? ನನಗೂ ಎರಡು ವರ್ಷದಿಂದ..."

ಮಾತು ಅಲ್ಲಿಗೇ ನಿಂತಿತು. ಸಾಹುಕಾರರು ಧೋತರದ ಚುಂಗು ಹಿಡಿದು ಅಂಗಡಿಯ ಹಿಂದಕ್ಕೆ ಹಾರಿದರು, ಅದನ್ನು ಕಂಡು ತನಗೂ ಅವಸರವಾಗಿ ಮುನಾಫಸಾಬನೂ ಹಿಂದೆಯೇ ಹಾರಿದ.

"ಅಯ್ಯೋ, ಸಾವ್ಕಾರೂ ತಿಂದ್ರೇನು?" ಎಂದು ಹಾಲೇಶಪ್ಪ ಹಾಲಿಗೆ ಕೈ ಚಾಚಿದ.

"ಖಾರ ಅಲ್ರೋ, ಖಾರ ಅಲ್ಲ!" ಜಯವ್ವ ಲೋಟ ಎತ್ತಿ ಹಿಡಿದು ಕೂಗಿದಳು. "ನೀವು ತೂಗ್ರಿ ಮೊದಲು!"